ನಲವತ್ತರ ಹತ್ತಿರ ಗಣಿತ ಕಲಿಯಲು ಕೂತರೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನನಗೆ 38 ವರ್ಷ. ಶಾಲೆಯಲ್ಲಿ ಗಣಿತ ಹೇಗೋ ಪಾಸಾಯಿತು. ಆಮೇಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಈಗ ಕೆಲಸಕ್ಕಾಗಿ ಡೇಟಾ ವಿಶ್ಲೇಷಣೆ ಕಲಿಯಬೇಕಾಗಿದೆ. ಗಣಿತ ಬೇಕು ಅಂತ ಕ್ಯಾಲ್ಕುಲಸ್ ವಿಡಿಯೊಗಳನ್ನು ನೋಡಲು ಶುರು ಮಾಡಿದೆ. ನೋಡುವಾಗ ಎಲ್ಲ ಅರ್ಥವಾಗುತ್ತದೆ, ನಾನೇ ಬಿಡಿಸಲು ಕೂತರೆ ಕೈ ಓಡುವುದಿಲ್ಲ. ಈ ವಯಸ್ಸಿನಲ್ಲಿ ಇದು ಆಗುವ ಮಾತಾ? ಎಲ್ಲಿಂದ ಶುರು ಮಾಡಲಿ? ದಿನಕ್ಕೆ ಎಷ್ಟು ಹೊತ್ತು, ಒಟ್ಟು ಎಷ್ಟು ಕಾಲ ಬೇಕು? ಕ್ಯಾಲ್ಕುಲೇಟರ್ ಬಳಸಬಹುದಾ?

ಉತ್ತರ: ಖಂಡಿತ ಆಗುವ ಮಾತು. ವಯಸ್ಸಿನ ವಿಷಯವನ್ನು ಮೊದಲು ಮುಗಿಸಿಬಿಡೋಣ, ಯಾಕೆಂದರೆ ದೊಡ್ಡವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಅದೇ. ಇಂಗ್ಲೆಂಡಿನಲ್ಲಿ ಜಾರ್ಜ್ ಗ್ರೀನ್ ಎಂಬ ಒಬ್ಬರಿದ್ದರು. ಹಿಟ್ಟಿನ ಗಿರಣಿಯ ಕೆಲಸ. ಚಿಕ್ಕಂದಿನಲ್ಲಿ ಶಾಲೆಗೆ ಹೋಗಿದ್ದು ತೀರಾ ಕಡಿಮೆ. ಗಿರಣಿ ಕೆಲಸದ ನಡುವೆಯೇ ಗಣಿತ ಓದಿಕೊಂಡು 1828ರಲ್ಲಿ ವಿದ್ಯುತ್ ಮತ್ತು ಕಾಂತತ್ವದ ಗಣಿತದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಕೇಂಬ್ರಿಡ್ಜ್‌ಗೆ ವಿದ್ಯಾರ್ಥಿಯಾಗಿ ಸೇರಿದ್ದು 1833ರಲ್ಲಿ, ನಲವತ್ತನೇ ವಯಸ್ಸಿಗೆ. ಅವರ ಹೆಸರಿನ ಪ್ರಮೇಯವನ್ನು ಇವತ್ತಿಗೂ ಭೌತಶಾಸ್ತ್ರ, ಎಂಜಿನಿಯರಿಂಗ್ ಓದುವವರು ಕಲಿಯುತ್ತಾರೆ. ನೀವು ಗ್ರೀನ್ ಆಗಬೇಕು ಅಂತ ಹೇಳುತ್ತಿಲ್ಲ. ನಿಮಗೆ ಬೇಕಿರುವುದು ಅದರ ಸಣ್ಣದೊಂದು ಪಾಲು, ಅದಕ್ಕೆ 38 ಏನೇನೂ ಅಡ್ಡಿಯಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ ಮಾತು. ‘ನೋಡುವಾಗ ಅರ್ಥವಾಗುತ್ತದೆ, ಬಿಡಿಸಲು ಕೂತರೆ ಕೈ ಓಡುವುದಿಲ್ಲ’ ಎಂದಿದ್ದೀರಿ. ಕ್ಯಾಲ್ಕುಲಸ್‌ನಲ್ಲಿ ಸಿಕ್ಕಿಬೀಳುವವರಲ್ಲಿ ಹೆಚ್ಚಿನವರಿಗೆ ಕ್ಯಾಲ್ಕುಲಸ್ ಅರ್ಥವಾಗಿರುತ್ತದೆ. ಲೆಕ್ಕದ ನಡುವೆ ಒಂದು ಭಿನ್ನರಾಶಿ ಬರುತ್ತದೆ, ಒಂದು ಮೈನಸ್ ಚಿಹ್ನೆ ಆವರಣದ ಒಳಗೆ ಹೋಗಬೇಕಾಗುತ್ತದೆ, ಅಲ್ಲಿ ಎಡವುತ್ತಾರೆ. ಗಣಿತದಲ್ಲಿ ಮೇಲಿನ ಪಾಠ ಕೆಳಗಿನ ಪಾಠವನ್ನು ಪ್ರತಿ ಸಾಲಿನಲ್ಲೂ ಬಳಸುತ್ತದೆ. ಒಂದು ವರ್ಷ ಯಾವುದೋ ಅಧ್ಯಾಯ ಸರಿಯಾಗಿ ತಲೆಗೆ ಹತ್ತಲಿಲ್ಲ ಅಂದರೆ ಮುಂದಿನ ಐದು ವರ್ಷ ಅದರ ಮೇಲೆ ಬಾಯಿಪಾಠ ಮಾಡಿಕೊಂಡೇ ಸಾಗಬೇಕಾಗುತ್ತದೆ. ನೀವು ಹೇಗೋ ಪಾಸಾಗಿದ್ದು ಬಹುಶಃ ಹಾಗೆಯೇ.

ಹಾಗಾಗಿ ಮಾಡಬೇಕಾದ ಮೊದಲ ಕೆಲಸ, ಯಾವ ಜಾಗದಲ್ಲಿ ತಪ್ಪಿತು ಅಂತ ಹುಡುಕುವುದು. ‘ಹತ್ತನೇ ತರಗತಿವರೆಗೆ ನನಗೆ ಗೊತ್ತು’ ಅಂತ ಲೆಕ್ಕ ಹಾಕಿಕೊಂಡು ಅಲ್ಲಿಂದ ಶುರು ಮಾಡಬೇಡಿ. ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಫೋನು ಪಕ್ಕದ ಕೋಣೆಯಲ್ಲಿರಲಿ. ಈ ಲೆಕ್ಕಗಳನ್ನು ಮಾಡಿ: 1003 − 478. 1/2 + 1/3. 3/4 ÷ 2/3. 0.3 × 0.2. −3 − (−5). 8 + 4 = □ + 5, ಖಾಲಿ ಚೌಕದಲ್ಲಿ ಏನು ಬರಬೇಕು? ಒಂದು ಸಂಖ್ಯೆಯನ್ನು ಶೇಕಡಾ 20 ಹೆಚ್ಚಿಸಿ, ಬಂದದ್ದನ್ನು ಮತ್ತೆ ಶೇಕಡಾ 20 ಇಳಿಸಿದರೆ ಮೊದಲಿನ ಸಂಖ್ಯೆಯೇ ಸಿಗುತ್ತದಾ? ಕೊನೆಗೆ, ಕ ಎನ್ನುವುದು ನಮಗೆ ಗೊತ್ತಿಲ್ಲದ ಸಂಖ್ಯೆ ಅಂತಿಟ್ಟುಕೊಳ್ಳಿ: 3(ಕ − 2) = 2ಕ + 5. ಕ ಎಷ್ಟು?

ಉತ್ತರ ಬರೆದರೆ ಸಾಲದು. ಪ್ರತಿಯೊಂದರ ಪಕ್ಕದಲ್ಲಿ ‘ಯಾಕೆ ಹೀಗೆ ಮಾಡಿದೆ’ ಅಂತ ಒಂದೆರಡು ಸಾಲು ಬರೆಯಿರಿ. ಉತ್ತರ ಸರಿ, ಕಾರಣವೂ ಗೊತ್ತು ಅನ್ನುವುದನ್ನು ಬಿಟ್ಟುಬಿಡಿ. ಉತ್ತರ ತಪ್ಪಾಗಿದ್ದರೆ ಕಲಿಯಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ. ಕಷ್ಟ ಇರುವುದು ಉತ್ತರ ಸರಿ ಬಂದು ಕಾರಣ ಬರೆಯಲು ಆಗದ ಲೆಕ್ಕಗಳಲ್ಲಿ. ‘ತಲೆಕೆಳಗು ಮಾಡಿ ಗುಣಿಸಬೇಕು ಅಂತ ಹೇಳಿಕೊಟ್ಟಿದ್ದರು, ಅದಕ್ಕೆ’ ಅಂತ ಬರೆದಿದ್ದೀರಾ? ಹಾಗಿದ್ದರೆ ನಿಮ್ಮ ಜಾಗ ಅದೇ. ಅಲ್ಲಿಂದಲೇ ಶುರು ಮಾಡಿ. ಅದು ಐದನೇ ತರಗತಿಯ ಪಾಠವಾಗಿದ್ದರೆ ಐದನೇ ತರಗತಿಯ ಪುಸ್ತಕವನ್ನೇ ತನ್ನಿ. ಯಾರೂ ನೋಡುತ್ತಿಲ್ಲ, ನೋಡಿದರೂ ಪರವಾಗಿಲ್ಲ. ಮಗುವಿಗೆ ಒಂದು ತಿಂಗಳು ಹಿಡಿಯುವ ಅಧ್ಯಾಯವನ್ನು ದೊಡ್ಡವರು ಎಷ್ಟೋ ಸಲ ವಾರದಲ್ಲಿ ಮುಗಿಸುತ್ತಾರೆ.

ನಾನು ನೋಡಿದ ಹಾಗೆ, ದೊಡ್ಡವರಲ್ಲಿ ಹೆಚ್ಚಿನವರು ಬಂದು ನಿಲ್ಲುವುದು ಭಿನ್ನರಾಶಿಯಲ್ಲಿ. ಅದಕ್ಕೇ ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

1/2 + 1/3 ಅಂದಾಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/5 ಅಂತ ಬರೆಯುವವರಿದ್ದಾರೆ. ಇದನ್ನು ತಪ್ಪು ಅಂತ ಹೊಡೆದುಹಾಕುವ ಮೊದಲು 2/5 ಅನ್ನು ನೋಡಿ. ಅದು ಅರ್ಧಕ್ಕಿಂತ ಚಿಕ್ಕದು. ಅರ್ಧಕ್ಕೆ ಇನ್ನೊಂದಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗಲು ಹೇಗೆ ಸಾಧ್ಯ? ಈ ಒಂದು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಬಂದರೆ ನಿಮ್ಮ ಅರ್ಧ ತಪ್ಪುಗಳನ್ನು ನೀವೇ ಹಿಡಿಯುತ್ತೀರಿ. ಯಾವ ಲೆಕ್ಕಕ್ಕೂ ಮೊದಲು ಅಂದಾಜು: ಉತ್ತರ ಒಂದಕ್ಕಿಂತ ದೊಡ್ಡದಾ, ಚಿಕ್ಕದಾ? ಅರ್ಧಕ್ಕಿಂತ?

ಆಮೇಲೆ ಕಾರಣ. ಅರ್ಧ ಒಂದು ಅಳತೆಯ ತುಂಡು, ಮೂರನೇ ಒಂದು ಇನ್ನೊಂದು ಅಳತೆಯ ತುಂಡು. ಬೇರೆ ಬೇರೆ ಅಳತೆಯ ತುಂಡುಗಳನ್ನು ಸುಮ್ನೆ ಎಣಿಸಿ ‘ಎರಡು’ ಅಂದರೆ ಅದಕ್ಕೆ ಅರ್ಥವಿಲ್ಲ. ಎರಡನ್ನೂ ಒಂದೇ ಅಳತೆಗೆ ತರಬೇಕು. ಆರನೇ ಒಂದು ಅನ್ನುವ ತುಂಡು ಎರಡಕ್ಕೂ ಸರಿಹೊಂದುತ್ತದೆ. 1/2 ಅಂದರೆ ಅಂಥ ಮೂರು, 1/3 ಅಂದರೆ ಅಂಥ ಎರಡು. ಒಟ್ಟು ಐದು, ಅಂದರೆ 5/6. ಶಾಲೆಯಲ್ಲಿ ಲ.ಸಾ.ಅ. ತೆಗೆಯಿರಿ ಅಂತ ಹೇಳಿದ್ದು ಇದಕ್ಕೇ. ಎರಡೂ ಕಡೆ ಸರಿಹೊಂದುವ ತುಂಡು ಹುಡುಕಲು.

ಇದು ಕೂತ ಮೇಲೆ ಭಾಗಾಕಾರ ನೋಡಿ. 3/4 ÷ 2/3. ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿದರೆ 9/8. ಸರಿ, ಆದರೆ ಯಾಕೆ? ಮತ್ತೆ ಒಂದೇ ಅಳತೆಗೆ ತನ್ನಿ. 3/4 ಅಂದರೆ 9/12. 2/3 ಅಂದರೆ 8/12. ಈಗ ಪ್ರಶ್ನೆ ಏನಾಯಿತು? ಹನ್ನೆರಡನೇ ಒಂದರ ಒಂಬತ್ತು ತುಂಡುಗಳಲ್ಲಿ, ಎಂಟು ತುಂಡುಗಳ ಗುಂಪು ಎಷ್ಟು ಸಿಗುತ್ತದೆ? ಒಂದು ಪೂರ್ತಿ ಗುಂಪು, ಜೊತೆಗೆ ಎಂಟರಲ್ಲಿ ಒಂದು ಪಾಲು. 9 ÷ 8, ಅಷ್ಟೇ. ತುಂಡು ಒಂದೇ ಅಳತೆಯದಾದ ಮೇಲೆ ಹನ್ನೆರಡು ಲೆಕ್ಕಕ್ಕೇ ಬರುವುದಿಲ್ಲ. ಈ 9 ಬಂದಿದ್ದು 3 × 3ರಿಂದ, 8 ಬಂದಿದ್ದು 4 × 2ರಿಂದ. ತಲೆಕೆಳಗು ಮಾಡಿ ಗುಣಿಸುವಾಗ ನೀವು ಮಾಡುವುದೂ ಇದನ್ನೇ, ಹಂತ ಬರೆಯದೆ. ನಾಲ್ಕೈದು ಲೆಕ್ಕಗಳನ್ನು ಈ ಉದ್ದದ ದಾರಿಯಲ್ಲಿ ಮಾಡಿದರೆ ಆಮೇಲೆ ಸೂತ್ರ ಮರೆತರೂ ನೀವೇ ಮತ್ತೆ ಕಂಡುಕೊಳ್ಳಬಹುದು.

ಭಿನ್ನರಾಶಿಯನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ದಶಮಾಂಶ, ಶೇಕಡಾ, ಅನುಪಾತ, ಸಂಭವನೀಯತೆ, ಇಳಿಜಾರು, ಎಲ್ಲವೂ ಭಿನ್ನರಾಶಿಯೇ ಬೇರೆ ಬೇರೆ ವೇಷದಲ್ಲಿ. 0.3 × 0.2 ಯಾಕೆ 0.6 ಅಲ್ಲ, 0.06 ಅನ್ನುವುದು 3/10 × 2/10 ಬರೆದ ಕ್ಷಣ ಗೊತ್ತಾಗುತ್ತದೆ. ಶೇಕಡಾ 20ರ ಪ್ರಶ್ನೆಯೂ ಹಾಗೇ. 100 ಏರಿ 120 ಆಯಿತು. ಇಳಿಸುವಾಗ ಶೇಕಡಾ 20 ತೆಗೆಯುವುದು 120ರ ಮೇಲೆ, ಅಂದರೆ 24. ಉಳಿದದ್ದು 96. ಯಾವುದರ ಶೇಕಡಾ ಅಂತ ಕೇಳದೆ ಶೇಕಡಾ ಲೆಕ್ಕ ಮಾಡಬಾರದು. ನಿಮ್ಮ ಡೇಟಾ ಕೆಲಸದಲ್ಲಿ ಇದು ದಿನಾ ಬರುವ ವಿಷಯ. ಭಿನ್ನರಾಶಿ ಮತ್ತು ಅದರ ಈ ನೆಂಟರಿಗೆ ಎರಡು ಮೂರು ತಿಂಗಳು ಹೋದರೂ ಚಿಂತೆ ಮಾಡಬೇಡಿ.

ಋಣಸಂಖ್ಯೆಗಳಲ್ಲಿ ಗೊಂದಲ ಆದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಆಸ್ತಿ ಮತ್ತು ಸಾಲದ ಭಾಷೆಯಲ್ಲಿ ಇವುಗಳ ನಿಯಮ ಬರೆದಿಟ್ಟರು. ಅಷ್ಟಾದರೂ ಸಾವಿರ ವರ್ಷ ಕಳೆದು, 18ನೇ ಶತಮಾನದಲ್ಲೂ ಯುರೋಪಿನ ಕೆಲವು ಗಣಿತಜ್ಞರು ಸೊನ್ನೆಗಿಂತ ಕಡಿಮೆಯ ಸಂಖ್ಯೆ ಅನ್ನುವುದನ್ನೇ ಒಪ್ಪುತ್ತಿರಲಿಲ್ಲ. ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ ಅಂತ ಒಮ್ಮೆ ನೋಡಿಬಿಡಿ: 3 ಮತ್ತು −3 ಕೂಡಿದರೆ ಸೊನ್ನೆ. ಸೊನ್ನೆಯನ್ನು −2ರಿಂದ ಗುಣಿಸಿದರೂ ಸೊನ್ನೆ. ಬಿಡಿಸಿ ಬರೆದರೆ (−2) × 3 ಮತ್ತು (−2) × (−3) ಸೇರಿ ಸೊನ್ನೆ ಆಗಬೇಕು. ಮೊದಲನೆಯದು −6. ಹಾಗಾದರೆ ಎರಡನೆಯದು 6 ಆಗದೆ ಬೇರೆ ದಾರಿಯೇ ಇಲ್ಲ.

ಇನ್ನು ಆ ಖಾಲಿ ಚೌಕ, 8 + 4 = □ + 5. ಅಲ್ಲಿ 12 ಅಂತ ಬರೆದಿದ್ದರೆ ಈ ಪ್ಯಾರಾವನ್ನು ಎರಡು ಸಲ ಓದಿ. ಶಾಲೆಯಲ್ಲಿ ಸಮ ಚಿಹ್ನೆ ಬಂದಾಗಲೆಲ್ಲ ಅದರ ಮುಂದೆ ಉತ್ತರ ಬರೆದು ಬರೆದು, ‘ಇಲ್ಲಿ ಉತ್ತರ ಬರೆ’ ಅಂತಲೇ ಅದನ್ನು ಓದುವುದು ರೂಢಿಯಾಗುತ್ತದೆ. ನಿಜಕ್ಕೂ ಅದು ಹೇಳುವುದು ಎಡಗಡೆ, ಬಲಗಡೆ ಒಂದೇ ಅಂತ. ಎಡಗಡೆ 12 ಇದೆ, ಬಲಗಡೆಯೂ 12 ಆಗಬೇಕು, ಹಾಗಾಗಿ ಚೌಕದಲ್ಲಿ 7. ಈ ಚಿಹ್ನೆಯನ್ನು ಮೊದಲು ಅಚ್ಚಿನಲ್ಲಿ ತಂದ ರಾಬರ್ಟ್ ರೆಕಾರ್ಡ್ 1557ರಲ್ಲಿ ಎರಡು ಸಮಾನಾಂತರ ಗೆರೆಗಳನ್ನು ಆರಿಸಿಕೊಂಡಿದ್ದೇ ಅದಕ್ಕಿಂತ ಸಮವಾದ ಜೋಡಿ ಇನ್ನೊಂದಿಲ್ಲ ಅನ್ನುವ ಕಾರಣಕ್ಕೆ. ಬೀಜಗಣಿತ ಪೂರ್ತಿ ನಿಂತಿರುವುದು ಈ ತಿಳಿವಳಿಕೆಯ ಮೇಲೆ. 3(ಕ − 2) = 2ಕ + 5 ಎಂಬಲ್ಲಿ ಆವರಣ ಬಿಡಿಸಿದರೆ 3ಕ − 6 = 2ಕ + 5. ಎರಡೂ ಕಡೆಯಿಂದ 2ಕ ತೆಗೆಯಿರಿ, ಎರಡೂ ಕಡೆಗೆ 6 ಸೇರಿಸಿ. ಕ = 11. ‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಅಂತ ಬಾಯಿಪಾಠ ಮಾಡಿದವರು ಮುಂದೆ ಗುಣಾಕಾರ ಬಂದಾಗ ಗಲಿಬಿಲಿಯಾಗುತ್ತಾರೆ. ಎರಡೂ ಕಡೆ ಒಂದೇ ಕೆಲಸ ಮಾಡುತ್ತಿದ್ದೇನೆ ಅಂತ ಗೊತ್ತಿದ್ದವರು ಆಗುವುದಿಲ್ಲ. ಬಿಡಿಸಿದ ಮೇಲೆ 11 ಅನ್ನು ಮೂಲ ಸಮೀಕರಣದಲ್ಲಿ ಹಾಕಿ ನೋಡಿ: ಎಡಗಡೆ 27, ಬಲಗಡೆ 27. ಪುಸ್ತಕದ ಹಿಂದಿನ ಉತ್ತರ ನೋಡುವ ಅಗತ್ಯವೇ ಬರಲಿಲ್ಲ, ಅಲ್ವಾ?

ಮಗ್ಗಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹತ್ತರವರೆಗೆ ಬಾಯಿಗೆ ಬರಬೇಕು. ತಲೆಯಲ್ಲಿ ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳಬಹುದಾದ ಸಂಗತಿಗಳು ಕೆಲವೇ ಕೆಲವು. ಏಳೆಂಟ್ಲ ಎಷ್ಟು ಅಂತ ಯೋಚಿಸಲು ಅದರಲ್ಲಿ ಒಂದು ಜಾಗ ಹೋದರೆ, ಲೆಕ್ಕದ ಎಳೆ ಕೈತಪ್ಪುತ್ತದೆ. ಭಯವೂ ಅದೇ ಜಾಗವನ್ನು ತಿನ್ನುತ್ತದೆ. ಗಣಿತ ಅಂದರೆ ಎದೆ ಹೊಡೆದುಕೊಳ್ಳುವವರಿಗೆ ಗೊತ್ತಿರುವುದೂ ಹೊಳೆಯದಿರುವುದು ಅದಕ್ಕೇ. ಇಪ್ಪತ್ತರವರೆಗಿನ ಮಗ್ಗಿ ಬರದಿದ್ದರೆ ಏನೂ ನಷ್ಟವಿಲ್ಲ.

ಈಗ ಕಲಿಯುವ ರೀತಿ. ವಿಡಿಯೊ ನೋಡುವಾಗ ಅರ್ಥವಾಗುವುದು ನಿಮಗೆ ಮೋಸ ಮಾಡುತ್ತಿದೆ. ಬೇರೆಯವರು ಮುಂದಿನ ಹೆಜ್ಜೆ ಇಟ್ಟಾಗ ‘ಹೌದು, ಸರಿ’ ಅನ್ನುವುದು ಸುಲಭ. ಆ ಹೆಜ್ಜೆ ಯಾವುದು ಅಂತ ತಾನೇ ಆರಿಸುವುದು ಬೇರೆ ಕೌಶಲ. ಅದನ್ನು ಬೆಳೆಸಲು ನನಗೆ ಗೊತ್ತಿರುವ ದಾರಿ ಇದು. ಬಿಡಿಸಿದ ಒಂದು ಉದಾಹರಣೆ ಓದಿ. ಪುಸ್ತಕ ಮುಚ್ಚಿ. ಅದೇ ಲೆಕ್ಕವನ್ನು ಖಾಲಿ ಹಾಳೆಯ ಮೇಲೆ ಮೊದಲಿನಿಂದ ಮಾಡಿ. ನಡುವೆ ನಿಂತರೆ ಪುಸ್ತಕ ತೆರೆದು ಒಂದೇ ಸಾಲು ನೋಡಿ, ಮತ್ತೆ ಮುಚ್ಚಿ, ಮತ್ತೆ ಮೊದಲಿನಿಂದ. ಮೊದಲ ವಾರ ಇದು ತುಂಬಾ ನಿಧಾನ ಅನಿಸುತ್ತದೆ. ನಿಧಾನವಾಗಿಯೇ ಇರಲಿ.

ಎರಡನೆಯದು, ಲೆಕ್ಕಗಳನ್ನು ಬೆರೆಸುವುದು. ಪಠ್ಯಪುಸ್ತಕಗಳು ಒಂದೇ ಬಗೆಯ ಇಪ್ಪತ್ತು ಲೆಕ್ಕಗಳನ್ನು ಸಾಲಾಗಿ ಕೊಡುತ್ತವೆ. ಮೂರನೆಯದರ ಹೊತ್ತಿಗೆ ಕೈ ತಾನಾಗಿ ಓಡುತ್ತದೆ, ತಲೆ ಕೆಲಸ ಮಾಡುವುದಿಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿಸಿದರು. ಲೆಕ್ಕಗಳನ್ನು ಬೆರೆಸಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಹೆಚ್ಚು ತಪ್ಪು ಮಾಡಿದರು. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರೇ ತುಂಬಾ ಮುಂದಿದ್ದರು. ಹಾಗಾಗಿ ಹೊಸ ಪಾಠದಿಂದ ಆರು ಲೆಕ್ಕ, ಹಿಂದಿನ ಪಾಠಗಳಿಂದ ಎರಡೆರಡು ಲೆಕ್ಕ ಆರಿಸಿ ಕಲಸಿಟ್ಟುಕೊಳ್ಳಿ. ತಪ್ಪು ಜಾಸ್ತಿ ಆಗುತ್ತಿದೆ ಅನಿಸಿದರೆ ಗಾಬರಿಯಾಗಬೇಡಿ.

ತಪ್ಪುಗಳಿಗೆ ಬೇರೆ ಪುಸ್ತಕ ಇಡಿ. ತಪ್ಪಾದ ಲೆಕ್ಕ, ತಪ್ಪಿದ ಸಾಲು, ಆ ಕ್ಷಣ ತಲೆಯಲ್ಲಿ ಏನಿತ್ತು, ಇಷ್ಟನ್ನು ಬರೆಯಿರಿ. ಕೆಲವು ವಾರಗಳಲ್ಲಿ ಒಂದು ಸಂಗತಿ ಕಾಣುತ್ತದೆ: ನೀವು ಮಾಡುವ ತಪ್ಪುಗಳು ನೂರಾರಲ್ಲ, ಮೂರೋ ನಾಲ್ಕೋ ಬಗೆಯವು ಮತ್ತೆ ಮತ್ತೆ ಬರುತ್ತಿರುತ್ತವೆ. ಎಷ್ಟೋ ಜನಕ್ಕೆ ಅದರಲ್ಲೊಂದು, ಆವರಣದ ಮುಂದೆ ಮೈನಸ್ ಇದ್ದಾಗ ಒಳಗಿನ ಎರಡನೇ ಪದದ ಚಿಹ್ನೆ ಬದಲಿಸಲು ಮರೆಯುವುದು.

ಹೊತ್ತು? ದಿನಕ್ಕೆ ನಲವತ್ತು ನಿಮಿಷ, ವಾರಕ್ಕೆ ಐದಾರು ದಿನ. ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು, ಯಾಕೆಂದರೆ ನಿನ್ನೆಯದನ್ನು ಇವತ್ತು ಮತ್ತೆ ನೆನಪಿಸಿಕೊಳ್ಳುವ ಶ್ರಮದಲ್ಲೇ ಅದು ಗಟ್ಟಿಯಾಗುತ್ತದೆ. ಒಂದು ಲೆಕ್ಕಕ್ಕೆ ಇಪ್ಪತ್ತು ನಿಮಿಷ ಒದ್ದಾಡಿದ ಮೇಲೂ ದಾರಿ ಕಾಣದಿದ್ದರೆ ಬಿಟ್ಟು ಏಳಿ, ನಾಳೆ ನೋಡಿ. ಲೆಕ್ಕದ ಫೋಟೊ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳನ್ನು ಉತ್ತರ ಹೋಲಿಸಿ ನೋಡಲು ಮಾತ್ರ ಇಟ್ಟುಕೊಳ್ಳಿ. ಪುಸ್ತಕ ಒಂದೇ ಸಾಕು, ಹಿಂದೆ ಉತ್ತರ ಇರುವಂಥದ್ದು. ವಿವರಣೆ ಬೇಕಾದರೆ ಖಾನ್ ಅಕಾಡೆಮಿ ಎಂಬ ಆನ್‌ಲೈನ್ ಪಾಠಗಳ ತಾಣ ಇದೆ. ಅದು ಉಚಿತ, ಅಂಕಗಣಿತದಿಂದ ಶುರುವಾಗುತ್ತದೆ, ಪಾಠದ ಜೊತೆ ಅಭ್ಯಾಸವೂ ಇದೆ. ಹತ್ತು ಕಡೆ ಹತ್ತು ಕೋರ್ಸ್ ಶುರು ಮಾಡುವವರು ಎಲ್ಲದರ ಮೊದಲ ಅಧ್ಯಾಯ ಮಾತ್ರ ಕಲಿತಿರುತ್ತಾರೆ.

ಕ್ರಮದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಭಿನ್ನರಾಶಿ, ಶೇಕಡಾ, ಅನುಪಾತ, ಋಣಸಂಖ್ಯೆ ಗಟ್ಟಿಯಾದ ಮೇಲೆ ಬೀಜಗಣಿತ: ಸಮೀಕರಣ, ಘಾತ, ವರ್ಗಮೂಲ. ಆಮೇಲೆ ಗ್ರಾಫ್. ಒಂದು ಸಮೀಕರಣವನ್ನು ಗೆರೆಯಾಗಿ, ಒಂದು ಗೆರೆಯನ್ನು ಸಮೀಕರಣವಾಗಿ ಓದಲು ಬರಬೇಕು. ನಿಮ್ಮ ಗುರಿ ಡೇಟಾ ಆಗಿರುವುದರಿಂದ ಅಲ್ಲಿಂದ ನೇರವಾಗಿ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರಕ್ಕೆ ಹೋಗಿ. ತ್ರಿಕೋನಮಿತಿ, ಕ್ಯಾಲ್ಕುಲಸ್ ಈಗ ಬೇಡ. ಸರಾಸರಿ, ಹರಡಿಕೆ, ಎರಡು ಸಂಗತಿಗಳ ನಡುವಿನ ಸಂಬಂಧ, ಇವುಗಳ ಮೊದಲ ಮಟ್ಟಕ್ಕೆ ಕ್ಯಾಲ್ಕುಲಸ್ ಬೇಕಾಗುವುದೇ ಇಲ್ಲ. ನಾನು ಹೇಳಿದ ಹೊತ್ತು ಕೊಟ್ಟರೆ ಬೀಜಗಣಿತ ಕೈಗೆ ಬರಲು ಎಂಟು ಹತ್ತು ತಿಂಗಳು, ಸಂಖ್ಯಾಶಾಸ್ತ್ರದ ಮೊದಲ ಪಾಠಗಳು ಮುಗಿಯುವಾಗ ಸುಮಾರು ಒಂದೂಕಾಲು ವರ್ಷ. ಆರು ವಾರದಲ್ಲಿ ಎಲ್ಲ ಕಲಿಸುತ್ತೇವೆ ಅನ್ನುವವರನ್ನು ನಂಬಬೇಡಿ.

ಒಂದು ಸಂತೋಷ ಮಾತ್ರ ಬಿಟ್ಟುಕೊಡಬೇಡಿ. ನಿಮಗೆ ಪರೀಕ್ಷೆ ಇಲ್ಲ, ಪೋರ್ಷನ್ ಮುಗಿಸುವ ಅವಸರವೂ ಇಲ್ಲ. ಶಾಲೆಯಲ್ಲಿ ಸಿಗದಿದ್ದ ಬಿಡುವು ಇದು. 1 + 3 = 4. 1 + 3 + 5 = 9. 1 + 3 + 5 + 7 = 16. ಬೆಸಸಂಖ್ಯೆಗಳನ್ನು ಕೂಡುತ್ತಾ ಹೋದರೆ ಪ್ರತಿ ಸಲ ವರ್ಗಸಂಖ್ಯೆಯೇ ಯಾಕೆ ಬರುತ್ತದೆ? ಒಂದು ಚುಕ್ಕಿ ಇಡಿ. ಅದರ ಬಲಕ್ಕೆ, ಕೆಳಕ್ಕೆ, ಮೂಲೆಗೆ ಒಂದೊಂದು, ಒಟ್ಟು ಮೂರು ಚುಕ್ಕಿ ಸುತ್ತುವರಿಸಿ. ಎರಡಕ್ಕೆರಡರ ಚೌಕ ಆಯಿತು. ಮುಂದಿನ ಸುತ್ತಿಗೆ ಎಷ್ಟು ಬೇಕು ಅಂತ ನೀವೇ ಇಟ್ಟು ನೋಡಿ. ಇಂಥದ್ದರ ಹಿಂದೆ ಒಂದು ಸಂಜೆ ಹೋದರೆ ಅದು ಹಾಳಾದ ಸಂಜೆಯಲ್ಲ.

ಕೊನೆಗೆ ಕ್ಯಾಲ್ಕುಲೇಟರ್. ಅಂಕಗಣಿತ, ಬೀಜಗಣಿತದ ಹಂತದಲ್ಲಿ ಮುಟ್ಟಬೇಡಿ, ಉತ್ತರ ಪರೀಕ್ಷಿಸಲು ಮಾತ್ರ ಸರಿ. ಆಮೇಲೆ ಧಾರಾಳವಾಗಿ ಬಳಸಿ, ಆದರೆ ಗುಂಡಿ ಒತ್ತುವ ಮೊದಲು ಅಂದಾಜು ಹೇಳಿಕೊಳ್ಳಿ. 398 × 21 ಅಂದರೆ ಸುಮಾರು 400 × 20, ಎಂಟು ಸಾವಿರದ ಆಸುಪಾಸು. ಪರದೆಯಲ್ಲಿ 8,358 ಬಂದರೆ ಸರಿ, 83,580 ಬಂದರೆ ಬೆರಳು ಎಲ್ಲೋ ತಪ್ಪಿದೆ. ಸಂಖ್ಯಾಶಾಸ್ತ್ರಕ್ಕೆ ಬಂದಾಗ ಪ್ರತಿ ಹೊಸ ಅಳತೆಯನ್ನೂ ಒಂದು ಸಲವಾದರೂ ಕೈಯಲ್ಲಿ ಮಾಡಿ, ನಂತರ ಸ್ಪ್ರೆಡ್‌ಶೀಟ್‌ಗೆ ಬಿಡಿ. ಉದಾಹರಣೆಗೆ 2, 4, 6, 8, 10ರ ಪ್ರಮಾಣ ವಿಚಲನೆ, ಅಂದರೆ ಸಂಖ್ಯೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ. ಸರಾಸರಿ 6. ಅದರಿಂದ ಒಂದೊಂದರ ದೂರ −4, −2, 0, 2, 4. ಇವುಗಳ ವರ್ಗ 16, 4, 0, 4, 16. ಕೂಡಿದರೆ 40, ಐದರಿಂದ ಭಾಗಿಸಿದರೆ 8, ಅದರ ವರ್ಗಮೂಲ ಸುಮಾರು 2.83. ಸ್ಪ್ರೆಡ್‌ಶೀಟ್ 3.16 ಅಂತ ತೋರಿಸಿದರೆ ನಿಮ್ಮ ಲೆಕ್ಕ ತಪ್ಪಿದೆ ಅಂದುಕೊಳ್ಳಬೇಡಿ. ನೀವು ಕೊಟ್ಟದ್ದು ದೊಡ್ಡ ಗುಂಪಿನಿಂದ ಆರಿಸಿದ ಮಾದರಿ ಅಂದುಕೊಂಡು ಅದು ಐದರ ಬದಲು ನಾಲ್ಕರಿಂದ ಭಾಗಿಸಿದೆ, ಹಾಗಾಗಿ 10ರ ವರ್ಗಮೂಲ ಬಂದಿದೆ. ಎರಡಕ್ಕೂ ಬೇರೆ ಬೇರೆ ಫಂಕ್ಷನ್ ಇವೆ. ನಿಮ್ಮ ಕೈಯಲ್ಲಿರುವುದು ಇಡೀ ಗುಂಪಾ, ಅದರಿಂದ ಆರಿಸಿದ ಮಾದರಿಯಾ ಅನ್ನುವುದನ್ನು ನೋಡಿ ಸರಿಯಾದದ್ದನ್ನು ನೀವೇ ಆರಿಸಬೇಕು.